ನಿತ್ಯ ಸೊಂಟಕ್ಕೆ ಯಾವ ಪಿಸ್ತೂಲು? ನಮ್ಮ ಕಡೆಯ ಪರವಾನಗಿದಾರರಿಗೆ ಹಳೇ ಮಾದರಿಗಳ ಹೋಲಿಕೆ

"ಅಣ್ಣಾರ, ಆ 1911 ಅಂತಾರಲ್ಲ, ಅಂಥಾದ್ದೊಂದು ಸಿಗತೈತೇನ್ರಿ?" ಹೊಸದಾಗಿ ಲೈಸೆನ್ಸ್ ಕೈಗೆ ಬಂದವರಲ್ಲಿ ಬಹಳ ಮಂದಿಯ ಮೊದಲ ಪ್ರಶ್ನೆ ಇದೇ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಇರಲಿ, ಹುಬ್ಬಳ್ಳಿಯ ಬಂಗಾರದಂಗಡಿಯವರಿರಲಿ, ಗದಗಿನ ಪೆಟ್ರೋಲ್ ಬಂಕ್ ಮಾಲೀಕರಿರಲಿ, ಸಿನಿಮಾದಲ್ಲಿ ನೋಡಿದ ಆ ಚಪ್ಪಟೆ ಉಕ್ಕಿನ ಪಿಸ್ತೂಲೇ ಎಲ್ಲರ ಕಣ್ಣ ಮುಂದೆ ಇರುತ್ತದೆ. ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎನ್ನುವುದು ಗೊತ್ತಾದರೆ ಯಾವುದು ಸಿಗುತ್ತದೆ ಎನ್ನುವುದೂ ಅರ್ಧ ಗೊತ್ತಾದಂತೆಯೇ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1911 ಎನ್ನುವುದು ಜಾನ್ ಬ್ರೌನಿಂಗ್ ರೂಪಿಸಿದ .45 ಬೋರಿನ ಪಿಸ್ತೂಲು. ಬೋರು ಎಂದರೆ ನಳಿಕೆಯ ಒಳ ಅಗಲ. ಅಮೆರಿಕದ ಸೈನ್ಯ ಅದನ್ನು 1911ರಲ್ಲಿ ಒಪ್ಪಿಕೊಂಡಿತು, 1985ರಲ್ಲಿ ಬೆರೆಟ್ಟಾ ಬರುವವರೆಗೂ ಅದೇ ಅವರ ಮುಖ್ಯ ಪಿಸ್ತೂಲಾಗಿತ್ತು. ನಮ್ಮ ಆಯುಧ ನಿಯಮಗಳಲ್ಲಿ ಸೈನ್ಯ-ಪೊಲೀಸರು ಬಳಸುವ ಗುಂಡು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳು ನಿಷೇಧಿತ ಬೋರಿನ ಪಟ್ಟಿಗೆ ಸೇರುತ್ತವೆ. 9 ಎಂಎಂ ಅದರಲ್ಲಿದೆ, .45 ಅದರಲ್ಲಿದೆ, ಹಳೇ ಪೊಲೀಸ್ ರಿವಾಲ್ವರಿನ .380, .455 ಕೂಡ ಅದರಲ್ಲಿವೆ. ನಿಷೇಧಿತ ಬೋರಿಗೆ ಪರವಾನಗಿ ಕೊಡುವುದು ಕೇಂದ್ರ ಗೃಹ ಸಚಿವಾಲಯ, ಅದೂ ಬೆರಳೆಣಿಕೆಯ ಮಂದಿಗೆ. ನವನಗರದ ಪೊಲೀಸ್ ಆಯುಕ್ತರ ಕಚೇರಿಯಿಂದಲೋ ಗದಗ, ಹಾವೇರಿಯ ಜಿಲ್ಲಾಧಿಕಾರಿಗಳಿಂದಲೋ ನಮಗೆ ಸಿಗುವ ಕಾಗದದ ಮೇಲೆ 9 ಎಂಎಂ ಕೊಳ್ಳಲು ಬರುವುದಿಲ್ಲ, 1911 ಅಂತೂ ಮಾತೇ ಇಲ್ಲ. ಅಂಗಡಿಯ ಹೊರಗೆ ಯಾರಾದರೂ "ನಾ ಕೊಡಸ್ತೀನಿ" ಅಂದರೆ ಅಲ್ಲಿಂದ ಎದ್ದು ಬರುವುದೇ ಚಲೋ.

ಉಳಿಯುವುದೇನು? ಪಿಸ್ತೂಲಿನಲ್ಲಿ ಹೆಚ್ಚುಕಡಿಮೆ ಒಂದೇ ಬೋರು: .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ಟಲ್), ಯುರೋಪಿನವರು 7.65 ಎಂಎಂ ಎನ್ನುವುದು. ಇದನ್ನೂ ರೂಪಿಸಿದವನು ಅದೇ ಬ್ರೌನಿಂಗ್, 1899ರಲ್ಲಿ, ಬೆಲ್ಜಿಯಮ್ಮಿನ ಎಫ್‌ಎನ್ ಕಂಪನಿಗಾಗಿ. .25 ಬೋರಿನ ಜೇಬಿನ ಪಿಸ್ತೂಲುಗಳೂ ಹಳೆಯ ಲೈಸೆನ್ಸುಗಳ ಮೇಲೆ ಅಲ್ಲಲ್ಲಿ ಉಳಿದಿವೆ, ಆದರೆ ಅದರ ಗುಂಡು ಬಲು ಬಡಪಾಯಿ. ಗುಂಡು ಹುಡುಕಿ ತರುವ ತಾಪತ್ರಯವೂ ಜಾಸ್ತಿ. .25ನ್ನು ಇಲ್ಲಿಗೇ ಬಿಡೋಣ.

.32 ಎಸಿಪಿಯ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೋಗುತ್ತದೆ. .45ರ ಮುಂದೆ ಇದು ಕಡಿಮೆ ಶಕ್ತಿಯದು, ನಿಜ. ಆದರೆ ಒದೆತ ಕಡಿಮೆ, ಹಾಗಾಗಿ ಎರಡನೆಯ, ಮೂರನೆಯ ಗುಂಡೂ ಗುರಿಯ ಹತ್ತಿರವೇ ಬೀಳುತ್ತದೆ. ಯುರೋಪಿನ ಪೊಲೀಸರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದನ್ನೇ ಕಟ್ಟಿಕೊಂಡು ತಿರುಗಿದರು. ಆತ್ಮರಕ್ಷಣೆಗೆ ಪರವಾನಗಿ ಪಡೆದ ಅಂಗಡಿಕಾರನಿಗೆ ನಾಲ್ಕೈದು ಮೀಟರಿನ ಆಚೆಗೆ ಅದರ ಕೆಲಸ ಬೀಳುವುದು ಅಪರೂಪ. ಬೋರಿನ ಬಗ್ಗೆ ಕೊರಗುವುದರಲ್ಲಿ ಅರ್ಥವಿಲ್ಲ. ಕಾನೂನು ಅದನ್ನು ನಮ್ಮ ಪರವಾಗಿ ಮೊದಲೇ ಆರಿಸಿಬಿಟ್ಟಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ರಿವಾಲ್ವರಿಗೂ .32 ಅಂತಲೇ ಹೇಳುತ್ತಾರೆ, ಆದರೆ ಆ ಗುಂಡು ಬೇರೆ: .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್. ಉದ್ದ, ತಳದಲ್ಲಿ ಅಗಲವಾದ ಅಂಚು, ಪಿಸ್ತೂಲಿನ ಮ್ಯಾಗಜಿನ್ನಿಗೆ, ಅಂದರೆ ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿಗೆ, ಹೋಗುವುದೇ ಇಲ್ಲ. ಗುಂಡು ಕೊಳ್ಳುವಾಗ ಬರೀ ".32 ಕೊಡ್ರಿ" ಅನ್ನದೆ ಪಿಸ್ತೂಲಿಗೋ ರಿವಾಲ್ವರಿಗೋ ಎಂದು ಸ್ಪಷ್ಟವಾಗಿ ಹೇಳಿ.

ಚೇಂಬರಿನಲ್ಲಿ ಗುಂಡು ಇರಬೇಕೋ ಬೇಡವೋ

ಮಾದರಿ, ಕಂಪನಿ, ಬೆಲೆ ಎಲ್ಲದಕ್ಕಿಂತ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಿತ್ಯ ಕಟ್ಟಿಕೊಳ್ಳುವ ಪಿಸ್ತೂಲಿನ ಹೋಲಿಕೆ ನಿಜವಾಗಿ ಇಲ್ಲಿಂದಲೇ ಆರಂಭವಾಗುವುದು.

ಹಳೇ ಪಿಸ್ತೂಲುಗಳಲ್ಲಿ ಬಹುಪಾಲು ಸಿಂಗಲ್ ಆಕ್ಷನ್. ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಉಕ್ಕಿನ ಭಾಗ) ಎಳೆದು ಬಿಟ್ಟರೆ ಗುಂಡು ಚೇಂಬರಿಗೆ (ನಳಿಕೆಯ ಹಿಂಬದಿಯ ಗೂಡಿಗೆ) ಹೋಗುತ್ತದೆ, ಹ್ಯಾಮರ್ (ಬಡಿಯುವ ಸುತ್ತಿಗೆ) ಹಿಂದಕ್ಕೆ ನಿಲ್ಲುತ್ತದೆ, ಆಮೇಲೆ ಟ್ರಿಗರಿನ ಹಗುರ ಒತ್ತಿಗೇ ಗುಂಡು ಹಾರುತ್ತದೆ. ಈ ಸ್ಥಿತಿಯಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡರೆ ನಿಮಗೂ ಗುಂಡಿಗೂ ನಡುವೆ ಇರುವುದು ಹೆಬ್ಬೆರಳಿನ ಒಂದು ಸೇಫ್ಟಿ, ಕೆಲವದರಲ್ಲಿ ಹಿಡಿಕೆಯ ಹಿಂಭಾಗದ ಗ್ರಿಪ್ ಸೇಫ್ಟಿ. ಅಮೆರಿಕದಲ್ಲಿ 1911ನ್ನು ಹೀಗೇ, ಹ್ಯಾಮರ್ ಎತ್ತಿ ಸೇಫ್ಟಿ ಹಾಕಿ, ಕಟ್ಟಿಕೊಳ್ಳುವವರಿದ್ದಾರೆ. ಅವರಿಗೆ ವಾರವಾರ ರೇಂಜಿಗೆ ಹೋಗುವ ಅನುಕೂಲವಿದೆ, ಗುಂಡು ಅಗ್ಗ, ಪಿಸ್ತೂಲು ಹೊಸದು. ನಮ್ಮಲ್ಲಿ ಕೈಗೆ ಬರುವುದು ಎಪ್ಪತ್ತು, ಎಂಬತ್ತು, ಕೆಲವೊಮ್ಮೆ ನೂರು ವರ್ಷ ದಾಟಿದ ಪಿಸ್ತೂಲು. ಅದರ ಸೇಫ್ಟಿಯ ಹಲ್ಲು ಎಷ್ಟು ಸವೆದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಮೇಲಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ನನ್ನು (ಗುಂಡಿನ ತಳಕ್ಕೆ ಬಡಿಯುವ ಮೊಳೆಯನ್ನು) ತಡೆದು ಹಿಡಿಯುವ ಒಳಗಿನ ಅಡ್ಡಿ ಇಲ್ಲ. ಗ್ರಾನೈಟ್ ನೆಲದ ಮೇಲೆ ನಳಿಕೆ ಕೆಳಗಾಗಿ ಬಿದ್ದರೆ ಗುಂಡು ಹಾರುವ ಸಾಧ್ಯತೆ ಇದ್ದೇ ಇದೆ.

ಹಾಗಾಗಿ ಹಳೇ ಸಿಂಗಲ್ ಆಕ್ಷನ್ ಪಿಸ್ತೂಲಿಗೆ ನನ್ನ ಮಾತು ಒಂದೇ: ಮ್ಯಾಗಜಿನ್ ತುಂಬಿರಲಿ, ಚೇಂಬರ್ ಖಾಲಿ ಇರಲಿ. "ಹೊತ್ತಿಗೆ ಬರಂಗಿಲ್ಲಲ್ರಿ" ಅಂತ ಆಕ್ಷೇಪ ಬರುತ್ತದೆ. ಬರದೇ ಇರಬಹುದು. ಆದರೆ ನೆಲಕ್ಕೆ ಬೀಳುವುದು, ಬಚ್ಚಲಿಗೆ ಹೋಗುವಾಗ ಜಾರುವುದು, ಮನೆಯಲ್ಲಿ ಮಗು ಕೈ ಹಾಕುವುದು, ಇವೆಲ್ಲ ದರೋಡೆಗಿಂತ ನೂರು ಪಾಲು ಹೆಚ್ಚು ಸಂಭವಿಸುವಂಥವು.

ಚೇಂಬರ್ ಖಾಲಿ ಇಟ್ಟುಕೊಳ್ಳುವುದಾದರೆ ಹೋಲಿಕೆಯ ಅಳತೆಗೋಲೇ ಬದಲಾಗುತ್ತದೆ. ಆಗ ನೋಡಬೇಕಾದದ್ದು ಸ್ಲೈಡನ್ನು ನೀವು ಎಷ್ಟು ಸಲೀಸಾಗಿ ಎಳೆಯಬಲ್ಲಿರಿ ಎನ್ನುವುದು. .32 ಪಿಸ್ತೂಲುಗಳು ಬ್ಲೋಬ್ಯಾಕ್ ಪದ್ಧತಿಯವು. ನಳಿಕೆಗೂ ಸ್ಲೈಡಿಗೂ ಕೊಂಡಿ ಇಲ್ಲ, ಗುಂಡು ಹಾರುವ ಕ್ಷಣದಲ್ಲಿ ಹಿಂಬದಿಯನ್ನು ಮುಚ್ಚಿಹಿಡಿಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಮಾತ್ರ. ಆದ್ದರಿಂದ ಪಿಸ್ತೂಲು ಸಣ್ಣದಾದಷ್ಟೂ ಸ್ಲೈಡ್ ಹಗುರ, ಸ್ಲೈಡ್ ಹಗುರವಾದಷ್ಟೂ ಸ್ಪ್ರಿಂಗ್ ಬಿಗಿ. ಅರವತ್ತು ದಾಟಿದವರಿಗೆ, ಸಂಧಿವಾತ ಇದ್ದವರಿಗೆ, ಬೆವರಿದ ಕೈಗೆ ಇದು ದೊಡ್ಡ ತೊಡಕು. ಸಣ್ಣದು ಹಗುರ, ಹಗುರದ್ದು ಸುಲಭ ಎಂದು ಲೆಕ್ಕ ಹಾಕಿಕೊಂಡು ಬಂದವರು ಅಂಗಡಿಯ ಕೌಂಟರಿನ ಮುಂದೆ ಸ್ಲೈಡ್ ಎಳೆಯಲಾರದೆ ನಿಲ್ಲುವುದುಂಟು. ಖಾಲಿ ಪಿಸ್ತೂಲನ್ನು ಕೈಗೆ ತೆಗೆದುಕೊಂಡು, ನಳಿಕೆ ಸುರಕ್ಷಿತ ದಿಕ್ಕಿಗಿಟ್ಟು, ಹತ್ತು ಸಲ ಎಳೆದು ನೋಡದೆ ಹಣ ಕೊಡಬೇಡಿ.

ಹಳೇ ವಿದೇಶಿ ಪಿಸ್ತೂಲುಗಳು

ಸಾಮಾನ್ಯ ಜನರು ವಿದೇಶದಿಂದ ಪಿಸ್ತೂಲು ತರಿಸಿಕೊಳ್ಳುವುದು 80ರ ದಶಕದ ನಡುವಿನಿಂದ ಬಂದ್ ಆಗಿದೆ. ಹೆಸರಾಂತ ಶೂಟರ್‌ಗಳಿಗೆ ಸ್ಪರ್ಧೆಗೆಂದು ಕೊಡುವ ವಿನಾಯಿತಿಯಂಥವು ಬೇರೆ. ಇದರ ಪರಿಣಾಮ ವಿಚಿತ್ರ. ಹೊರದೇಶದಲ್ಲಿ ಮಧ್ಯಮ ಬೆಲೆಗೆ ಸಿಗುವ ಹಳೇ ವಾಲ್ಥರ್ ಇಲ್ಲಿ ಹಲವು ಲಕ್ಷಕ್ಕೆ ಮಾರುತ್ತದೆ. ಆ ಹಣ ಪಿಸ್ತೂಲಿನ ಗುಣಕ್ಕಲ್ಲ, ಅದರ ಅಭಾವಕ್ಕೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೆಸರುಗಳನ್ನು ಓದಿ.

ಕೋಲ್ಟ್ 1903 ಪಾಕೆಟ್ ಹ್ಯಾಮರ್‌ಲೆಸ್ ಎಂಬುದು ಬ್ರೌನಿಂಗನ ಕೈಯ ಚೆಂದದ ಕೆಲಸ. ಹೆಸರಿಗೆ ಹ್ಯಾಮರ್‌ಲೆಸ್, ಆದರೆ ಹ್ಯಾಮರ್ ಸ್ಲೈಡಿನ ಒಳಗೆ ಅಡಗಿದೆ. ಸುಮಾರು 680 ಗ್ರಾಂ, ಮ್ಯಾಗಜಿನ್ನಿನಲ್ಲಿ ಎಂಟು ಗುಂಡು, ಮೈಯೆಲ್ಲ ನುಣುಪು, ಹೊರತೆಗೆಯುವಾಗ ಜುಬ್ಬಾದ ಜೇಬಿಗೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಗ್ರಿಪ್ ಸೇಫ್ಟಿ, ಹೆಬ್ಬೆರಳ ಸೇಫ್ಟಿ ಎರಡೂ ಇವೆ. ಕೈಯಲ್ಲಿ ಕೂರುವ ಪರಿ ನೋಡಿದರೆ 1911ರ ಆಸೆ ಅರ್ಧ ತೀರುತ್ತದೆ. ಕೊರತೆ ಏನೆಂದರೆ ಹ್ಯಾಮರ್ ಕಾಣದ ಕಾರಣ ಪಿಸ್ತೂಲು ಯಾವ ಸ್ಥಿತಿಯಲ್ಲಿದೆ ಎಂದು ನೋಟಕ್ಕೆ ತಿಳಿಯುವುದಿಲ್ಲ, ಪ್ರತಿ ಸಲ ಸ್ಲೈಡ್ ಎಳೆದೇ ನೋಡಬೇಕು. ತಯಾರಿಕೆ 1945ರ ಹೊತ್ತಿಗೆ ನಿಂತುಹೋಯಿತು.

ಎಫ್‌ಎನ್ 1910 ಇನ್ನೂ ಸಣ್ಣದು, ಸುಮಾರು 590 ಗ್ರಾಂ, ಏಳು ಗುಂಡು. ಸರಾಯೆವೋದಲ್ಲಿ 1914ರಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದು ಮಹಾಯುದ್ಧಕ್ಕೆ ಕಿಡಿ ಹಚ್ಚಿದ್ದು ಇದೇ ಮಾದರಿಯ ಪಿಸ್ತೂಲು, ಬೋರು ಮಾತ್ರ .380 ಎಸಿಪಿ. ಇತಿಹಾಸ ಹಾಗಿರಲಿ, ಇದರಲ್ಲಿ ಹ್ಯಾಮರ್ ಇಲ್ಲವೇ ಇಲ್ಲ, ಒಳಗೆ ಸ್ಟ್ರೈಕರ್, ಅಂದರೆ ಸ್ಪ್ರಿಂಗಿನ ಬಲದಿಂದ ನೇರ ಮುಂದೆ ಚಿಮ್ಮಿ ಗುಂಡಿಗೆ ಬಡಿಯುವ ಮೊಳೆ. ಮೂರು ಸೇಫ್ಟಿ ಎಂದು ಹೊಗಳುತ್ತಾರೆ: ಗ್ರಿಪ್ಪಿನದು, ಹೆಬ್ಬೆರಳಿನದು, ಮ್ಯಾಗಜಿನ್ ತೆಗೆದಾಗ ಗುಂಡು ಹಾರದಂತೆ ಮಾಡುವುದು. ಈ ಮೂರನೆಯದನ್ನು ನಂಬಿ ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ ಅಂದುಕೊಳ್ಳುವ ಅಭ್ಯಾಸ ಬೆಳೆಯುತ್ತದೆ, ಅದು ಅಪಾಯದ ಅಭ್ಯಾಸ. ನಾಳೆ ಅದೇ ಕೈಯಲ್ಲಿ ಆ ಸೌಕರ್ಯ ಇಲ್ಲದ ಪಿಸ್ತೂಲು ಬಂದರೆ ಗತಿಯೇನು? ಬಿಚ್ಚುವಾಗ ಇನ್ನೊಂದು ಫಜೀತಿ: ನಳಿಕೆಯ ಸುತ್ತ ಇರುವ ಸ್ಪ್ರಿಂಗ್ ಮುಂದಿನ ಬಿರಡೆಯನ್ನು ಚಿಮ್ಮಿಸಿ ಮಂಚದ ಕೆಳಗೆ ಕಳಿಸುತ್ತದೆ, ಆ ಬಿರಡೆ ಇಲ್ಲಿ ಕೊಂಡು ತರುವ ವಸ್ತುವಲ್ಲ.

ಬ್ರಿಟಿಷರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ವೆಬ್ಲಿ ಅಂಡ್ ಸ್ಕಾಟ್‌ನ .32. ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸರು ಇದನ್ನು 1911ರಲ್ಲಿ ತಮ್ಮದಾಗಿಸಿಕೊಂಡರು, ಅಮೆರಿಕದವರು ತಮ್ಮ .45ನ್ನು ಒಪ್ಪಿಕೊಂಡ ಅದೇ ವರ್ಷ. ನೋಡಲು ಮೂಲೆಮೂಲೆಯಾಗಿ, ಬಡಗಿ ಮಾಡಿದ ಹಾಗೆ ಇದೆ. ಕೈಯಲ್ಲಿ ಹಿಡಿಕೆ ನೆಟ್ಟಗೆ ನಿಲ್ಲುತ್ತದೆ, ಗುರಿ ಸಹಜವಾಗಿ ಬರುವುದಿಲ್ಲ, ಅಭ್ಯಾಸದಿಂದ ತಂದುಕೊಳ್ಳಬೇಕು. ಆದರೂ ನನಗೆ ಇದರ ಮೇಲೆ ಒಂದು ಮೋಹ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಹ್ಯಾಮರ್ ಹೊರಗೆ ಎದ್ದು ಕಾಣುತ್ತದೆ, ಸುಮಾರು 570 ಗ್ರಾಂ, ಎಂಟು ಗುಂಡು, ಉಕ್ಕು ಗಟ್ಟಿ. ಇದರ ಮರ್ಮಸ್ಥಾನ ಹಿಡಿಕೆಯ ಬಲಗಡೆಯ ತಟ್ಟೆಯ ಕೆಳಗಿರುವ ಇಂಗ್ಲಿಷ್ ವಿ ಆಕಾರದ ಸ್ಪ್ರಿಂಗ್. ಸುರುಳಿ ಸ್ಪ್ರಿಂಗ್ ಹಳತಾದರೆ ಸೋಲುತ್ತದೆ, ಈ ಪಟ್ಟಿ ಸ್ಪ್ರಿಂಗ್ ಹಳತಾದರೆ ಮುರಿಯುತ್ತದೆ. ಮುರಿದ ದಿನ ಪಿಸ್ತೂಲು ಶೋಕೇಸಿನ ಸಾಮಾನಾಗುತ್ತದೆ. ಅಜ್ಜನಿಂದ ಬಂದದ್ದಿದ್ದರೆ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ರೇಂಜಿನಲ್ಲಿ ಹಾರಿಸಿ ಸಂತೋಷಪಡಿ. ನಿತ್ಯ ಕಟ್ಟಿಕೊಳ್ಳಲು ಹಣ ಕೊಟ್ಟು ತರುವುದಾದರೆ ಬೇಡ.

1911ರ ರೂಪವೇ ಬೇಕು ಎನ್ನುವವರಿಗೆ ಕಾನೂನಿನೊಳಗೆ ಇರುವ ಸಮಾಧಾನ ಸ್ಪೇನಿನ ಲಾಮಾ. ಅದರ .32 ಮಾದರಿ 1911ನ್ನೇ ಕುಗ್ಗಿಸಿದಂತಿದೆ: ಹೊರಗಿನ ಹ್ಯಾಮರ್, ಗ್ರಿಪ್ ಸೇಫ್ಟಿ, ಎಡಗಡೆಯ ಹೆಬ್ಬೆರಳ ಸೇಫ್ಟಿ, ಮ್ಯಾಗಜಿನ್ ಬಿಡುವ ಗುಂಡಿ ಕೂಡ ಟ್ರಿಗರಿನ ಹಿಂದೆಯೇ. ಒಳಗೆ ಮಾತ್ರ ಸಾದಾ ಬ್ಲೋಬ್ಯಾಕ್. ಒಳ್ಳೆಯ ಪೀಸ್ ಸಿಕ್ಕರೆ ಕೋಲ್ಟ್ 1903ಕ್ಕಿಂತ ಇದನ್ನು ನಾನು ಮುಂದಿಡುತ್ತೇನೆ, ಹ್ಯಾಮರ್ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ.

ಇವೆಲ್ಲಕ್ಕಿಂತ ಬೇರೆಯಾಗಿ ನಿಲ್ಲುವುದು ವಾಲ್ಥರ್ ಪಿಪಿ. 1929ರಲ್ಲಿ ಜರ್ಮನಿಯಲ್ಲಿ ಬಂದದ್ದು. ಇದು ಡಬಲ್ ಆಕ್ಷನ್: ಸೇಫ್ಟಿಯ ಕಡ್ಡಿಯನ್ನು ಕೆಳಗೆ ಒತ್ತಿದರೆ ಹ್ಯಾಮರ್ ಗುಂಡು ಹಾರಿಸದೆ ಮುಂದಕ್ಕೆ ಕೂರುತ್ತದೆ, ಬೇಕಾದಾಗ ಟ್ರಿಗರಿನ ಉದ್ದನೆಯ, ಭಾರವಾದ ಮೊದಲ ಎಳೆತದಲ್ಲೇ ಹ್ಯಾಮರ್ ಎದ್ದು ಬಡಿಯುತ್ತದೆ. ಚೇಂಬರಿನಲ್ಲಿ ಗುಂಡಿದ್ದರೆ ಹ್ಯಾಮರಿನ ಮೇಲುಗಡೆ ಸಣ್ಣ ಪಿನ್ನೊಂದು ಹೊರಗೆ ಚಾಚಿರುತ್ತದೆ, ಕತ್ತಲಲ್ಲಿ ಬೆರಳಿಂದಲೇ ಮುಟ್ಟಿ ತಿಳಿಯಬಹುದು. ಕಳೆದ ಶತಮಾನದ ಮೊದಲರ್ಧದ ಪಿಸ್ತೂಲುಗಳಲ್ಲಿ ದಿನಬಳಕೆಯ ಸುರಕ್ಷತೆಯನ್ನು ಇಷ್ಟು ಯೋಚಿಸಿ ಮಾಡಿದ್ದು ಇನ್ನೊಂದಿಲ್ಲ. ಪಿಪಿಯ ಉದ್ದ ಸುಮಾರು 170 ಮಿಲಿಮೀಟರ್, ಮ್ಯಾಗಜಿನ್ನಿನಲ್ಲಿ ಎಂಟು ಗುಂಡು. ಅದರ ತಮ್ಮ ಪಿಪಿಕೆ ಒಂದೂವರೆ ಸೆಂಟಿಮೀಟರ್ ಗಿಡ್ಡ, ಒಂದು ಗುಂಡು ಕಡಿಮೆ. ಸಿನಿಮಾದ ಗೂಢಚಾರನಿಂದಾಗಿ ಪಿಪಿಕೆಗೆ ಬೆಲೆ ಹೆಚ್ಚು, ಆದರೆ ನಮ್ಮ ಕಡೆಯ ದೊಡ್ಡ ಕೈಯವರಿಗೆ ಅದರ ಸ್ಲೈಡ್ ಹೆಬ್ಬೆರಳ ಬುಡದ ಚರ್ಮವನ್ನು ಕಚ್ಚುತ್ತದೆ. ದುಡ್ಡು ಉಳಿಸಿ, ಚರ್ಮವನ್ನೂ ಉಳಿಸಿ: ಪಿಪಿಯೇ ಸಾಕು. ಯುದ್ಧದ ಕೊನೆಯ ವರ್ಷಗಳ ತಯಾರಿಕೆ ಒರಟು, ಅವಸರದ್ದು. 50ರ ದಶಕದಿಂದ ಫ್ರಾನ್ಸಿನ ಮನುರ್ಹಿನ್ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ತಯಾರಾದವು ನಯವಾಗಿವೆ. ಇಷ್ಟಾದರೂ ಹಳೇ ಪಿಪಿಯ ಕಡ್ಡಿ ಒತ್ತಿ ಹ್ಯಾಮರ್ ಇಳಿಸುವಾಗ ನಳಿಕೆ ಮರಳಿನ ಚೀಲದ ಕಡೆಗೇ ಇರಲಿ. ಸವೆದ ಭಾಗ ಯಾವ ದಿನ ಕೈಕೊಡುತ್ತದೋ ಹೇಳಲಾಗದು.

70-80ರ ದಶಕದ ಬೆರೆಟ್ಟಾ 81 (ಹನ್ನೆರಡು ಗುಂಡು), ಜೆಕ್ ದೇಶದ ಸಿಝಡ್ 83 (ಹದಿನೈದು ಗುಂಡು) ಕೂಡ .32ರಲ್ಲಿವೆ. ಕೈತುಂಬ ಬರುವ, ಸೊಂಟಕ್ಕೆ ದಪ್ಪವಾದ ಪಿಸ್ತೂಲುಗಳು. ಸಿಕ್ಕರೆ ಒಳ್ಳೆಯವೇ, ಆದರೆ ಸಿಕ್ಕುವುದು ಅಪರೂಪ, ಸಿಕ್ಕಾಗ ಹೇಳುವ ಬೆಲೆಗೆ ಅಮರಗೋಳದ ಹತ್ತಿರ ಸಣ್ಣ ಸೈಟಿಗೆ ಮುಂಗಡ ಕೊಡಬಹುದು.

ನಮ್ಮದೇ ಅಶನಿ

ಹೊಸದು ಬೇಕು, ಅಂಗಡಿಯ ಬಿಲ್ ಬೇಕು, ಕೆಟ್ಟರೆ ಕೇಳುವವರು ಬೇಕು ಎಂದರೆ ಸರ್ಕಾರಿ ಆಯುಧ ಕಾರ್ಖಾನೆಯ ಅಶನಿ. .32 ಎಸಿಪಿ, ಸಿಂಗಲ್ ಆಕ್ಷನ್, ಬ್ಲೋಬ್ಯಾಕ್. 2021ರ ಅಕ್ಟೋಬರಿನಲ್ಲಿ ಆಯುಧ ಕಾರ್ಖಾನೆಗಳ ಮಂಡಳಿಯನ್ನು ಒಡೆದು ಏಳು ಕಂಪನಿ ಮಾಡಿದ ಮೇಲೆ ಸಣ್ಣ ಆಯುಧಗಳ ಹೊಣೆ ಕಾನ್ಪುರ ಕೇಂದ್ರವಾಗಿರುವ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಬಂದಿದೆ. ವಾಲ್ಥರಿನ ನಯ ಇದರಲ್ಲಿ ಇಲ್ಲ, ಮುಚ್ಚಿಡುವುದೇನಿದೆ. ಪೀಸಿನಿಂದ ಪೀಸಿಗೆ ಫಿನಿಶಿಂಗ್ ಬದಲಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಒಂದಕ್ಕಿಂತ ಹೆಚ್ಚು ತೋರಿಸಲು ಹೇಳಿ, ಸ್ಲೈಡ್ ಎಳೆದಾಗ ಎಲ್ಲಿ ಕರಕರ ಅನ್ನುತ್ತದೆ, ಮ್ಯಾಗಜಿನ್ ತನ್ನಷ್ಟಕ್ಕೆ ಕೂರುತ್ತದೋ ಅಂಗೈಯಿಂದ ಗುದ್ದಬೇಕೋ ನೋಡಿ ಆರಿಸಿ.

ಅಶನಿಯ ಪರವಾಗಿ ಇರುವ ಒಂದು ವಾದ ಉಳಿದೆಲ್ಲಕ್ಕೂ ಸಾಟಿ. ಅದರ ಮ್ಯಾಗಜಿನ್ ಹೊಸದು ಸಿಗುತ್ತದೆ. ಪಿಸ್ತೂಲಿನಲ್ಲಿ ಮೊದಲು ಕೆಡುವುದು ಮ್ಯಾಗಜಿನ್. ಅದರ ತುಟಿ ಸ್ವಲ್ಪ ಬಾಗಿದರೂ ಗುಂಡು ಸಿಕ್ಕಿಕೊಳ್ಳುತ್ತದೆ. .32 ಎಸಿಪಿಯ ತಳದಲ್ಲಿ ಸಣ್ಣ ಅಂಚು ಬೇರೆ ಇದೆ, ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಪಿಸ್ತೂಲು ನಿಂತುಬಿಡುತ್ತದೆ. ಗುಂಡು ತುಂಬುವಾಗ ಪ್ರತಿಯೊಂದರ ಅಂಚೂ ಕೆಳಗಿನದರ ಮುಂದೆ ಬರುವಂತೆ ಜಾರಿಸಬೇಕು. ಎಫ್‌ಎನ್ 1910ಕ್ಕೆ ಎರಡನೆಯ ಅಸಲಿ ಮ್ಯಾಗಜಿನ್ ಹುಡುಕುವುದೆಂದರೆ ಊರೂರು ತಿರುಗುವುದೇ ಸೈ. ಅದಕ್ಕೆ ನಿತ್ಯ ಕಟ್ಟಿಕೊಳ್ಳುವವರಿಗೆ ನನ್ನ ಮೊದಲ ಸೂಚನೆ ಚೇಂಬರ್ ಖಾಲಿ ಇಟ್ಟ ಅಶನಿ, ಹಣವೂ ಅಭ್ಯಾಸವೂ ಎರಡೂ ಇದ್ದವರಿಗೆ ಚೊಕ್ಕವಾದ ವಾಲ್ಥರ್ ಪಿಪಿ. ನಡುವಿನ ಹೆಸರುಗಳೆಲ್ಲ ಶೋಕಿಗೆ.

ಅಭ್ಯಾಸಕ್ಕೆ ಸಮಯವಿಲ್ಲ ಎನ್ನುವವರು ಪಿಸ್ತೂಲನ್ನೇ ಬಿಟ್ಟು ರಿವಾಲ್ವರಿನ ಕಡೆ ನೋಡಬೇಕು. ಕಾನ್ಪುರದ .32 ರಿವಾಲ್ವರ್ ಆರು ಗುಂಡಿನದು. ಮಧ್ಯದಲ್ಲಿ ಮುರಿದು ತೆರೆದರೆ ಎಲ್ಲ ಗುಂಡೂ ಕಣ್ಣೆದುರು, ಇದೆಯೋ ಇಲ್ಲವೋ ಎಂಬ ಅನುಮಾನವೇ ಇಲ್ಲ. ಒಂದು ಗುಂಡು ಠುಸ್ ಆದರೆ ಮತ್ತೆ ಟ್ರಿಗರ್ ಎಳೆದರಾಯಿತು, ಸ್ಲೈಡಿನ ಜೊತೆ ಗುದ್ದಾಡಬೇಕಿಲ್ಲ. 2014ರಲ್ಲಿ ಮಹಿಳೆಯರಿಗೆಂದು ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರಲ್ಲಿ ಪಕ್ಕಕ್ಕೆ ತೆರೆಯುವ ಸಿಲಿಂಡರಿನ ಪ್ರಬಲ್ ಬಂತು. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ರಿವಾಲ್ವರೂ 2020ರಿಂದ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುತ್ತಿದೆ. ಅದು ಅಜ್ಜನ ಕಾಲದ ಪಿಸ್ತೂಲಲ್ಲ, ಹೆಸರು ನೋಡಿ ಗೊಂದಲ ಬೇಡ. ರಿವಾಲ್ವರಿನ ದೋಷ ಎರಡು: ಸಿಲಿಂಡರಿನ ಉಬ್ಬು ಅಂಗಿಯ ಮೇಲೆ ಎದ್ದು ಕಾಣುತ್ತದೆ, ಟ್ರಿಗರ್ ಭಾರ.

ಸೊಂಟ, ಬಟ್ಟೆ, ಬೆವರು

2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್ಸ್ಟರಿನಲ್ಲಿ ಅಥವಾ ಅಂಥ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲೇ ಇರಬೇಕು. ಎತ್ತಿ ತೋರಿಸುವುದು ನಿಷಿದ್ಧ. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಶೋಕಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಹಾಗಾಗಿ ಸಫಾರಿ ಅಂಗಿಯ ಬೆಲ್ಟಿನಲ್ಲಿ ಹಿಡಿಕೆ ಇಣುಕುವಂತೆ ಸಿಕ್ಕಿಸಿಕೊಂಡು ಮಾರ್ಕೆಟ್ಟಿನಲ್ಲಿ ಓಡಾಡುವ ಹಳೇ ಗತ್ತು ಇವತ್ತು ನೇರ ನಿಯಮಭಂಗ.

ಜುಬ್ಬಾ ಹಾಕುವವರಿಗೆ, ಅಂಗಿ ಹೊರಗೆ ಬಿಡುವವರಿಗೆ ಬೆಲ್ಟಿನ ಹೋಲ್ಸ್ಟರ್ ಸುಲಭ. ಟ್ರಿಗರ್ ಪೂರ್ತಿ ಮುಚ್ಚುವ, ಗಟ್ಟಿ ಚರ್ಮದ, ಮೇಲೆ ಪಟ್ಟಿ ಇರುವ ಹೋಲ್ಸ್ಟರ್ ಆಗಬೇಕು. ಮೆತ್ತಗಿನ ಬಟ್ಟೆಯ ಹೋಲ್ಸ್ಟರ್ ಅಗ್ಗ, ಒಂದು ಬೇಸಿಗೆಯಲ್ಲಿ ಜೋತುಬೀಳುತ್ತದೆ. ಬೈಕಿನ ಮೇಲೆ ದಿನಾ ಹುಬ್ಬಳ್ಳಿ-ಧಾರವಾಡ ಓಡಾಡುವವರು ಕೂತಾಗ ಹಿಡಿಕೆ ಪಕ್ಕೆಲುಬಿಗೆ ಒತ್ತುತ್ತದೋ ಎಂದು ಕುರ್ಚಿಯ ಮೇಲೆ ಕೂತೇ ನೋಡಿ ಕೊಳ್ಳಲಿ. 170 ಮಿಲಿಮೀಟರಿನ ಪಿಪಿ ನಿಂತಾಗ ಗೊತ್ತೇ ಆಗುವುದಿಲ್ಲ, ಕೂತಾಗ ಹೊಟ್ಟೆ ಇದ್ದವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ತುಕ್ಕು. ಹಳೇ ಪಿಸ್ತೂಲುಗಳ ಕಪ್ಪುನೀಲಿ ಪಾಲಿಶ್ ನೋಡಲು ಚೆಂದ, ಬೆವರಿಗೆ ತಡೆಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಗದಗಿನ ಬಿಸಿಲಲ್ಲಿ ಸೊಂಟದ ಬೆವರು ಒಂದೇ ವಾರದಲ್ಲಿ ಸ್ಲೈಡಿನ ಮೇಲೆ ಕೆಂಪು ಚುಕ್ಕೆ ಮೂಡಿಸುತ್ತದೆ. ಮಳೆಗಾಲದ ಧಾರವಾಡದಲ್ಲಿ ಕಪಾಟಿನೊಳಗೆ ಇಟ್ಟರೂ ಅದೇ ಕತೆ. ಹತ್ತಿ ಜಿನ್ನು, ಮೆಣಸಿನಕಾಯಿ ಯಾರ್ಡುಗಳಲ್ಲಿ ಕೆಲಸ ಮಾಡುವವರಿಗೆ ಧೂಳು ಇನ್ನೊಂದು ಪಿಡುಗು. ಅಂಥಲ್ಲಿ ಎಣ್ಣೆ ಜಾಸ್ತಿ ಹಾಕಿದರೆ ಧೂಳು ಅಂಟಿ ಕೆಸರಾಗುತ್ತದೆ. ತೆಳುವಾಗಿ ಒರೆಸಿದಷ್ಟು ಎಣ್ಣೆ ಸಾಕು. ರಾತ್ರಿ ಚರ್ಮದ ಹೋಲ್ಸ್ಟರಿನಲ್ಲೇ ಪಿಸ್ತೂಲು ಬಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಲಕ್ಷಗಟ್ಟಲೆ ಬೆಲೆಯ ಪಿಸ್ತೂಲಿನ ನಳಿಕೆಯೊಳಗೆ ಇಣುಕುವುದಿಲ್ಲ. ಚೇಂಬರ್ ಖಾಲಿ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಬಿಚ್ಚಿಸಿ, ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿರಬೇಕು, ಕಪ್ಪು ಗುಳಿಗಳು ಇರಬಾರದು, ನಡುವೆ ಎಲ್ಲಿಯಾದರೂ ಉಂಗುರದಂತೆ ನೆರಳು ಕಂಡರೆ ನಳಿಕೆ ಒಮ್ಮೆ ಉಬ್ಬಿದೆ ಎಂದರ್ಥ, ಅದನ್ನು ಮುಟ್ಟಬೇಡಿ. ಖಾಲಿ ಪಿಸ್ತೂಲಿನ ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿ ಬಿಡಿ. ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆದ ಕೂಡಲೇ ಹ್ಯಾಮರ್ ಬಿದ್ದರೆ ಒಳಗಿನ ಕೊಂಡಿ ಸವೆದಿದೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಹೊಸದಾಗಿ ನಿಕ್ಕಲ್ ಪಾಲಿಶ್ ಹೊಡೆಸಿ ಮಿಂಚಿಸಿದ್ದರೆ ಅನುಮಾನ ಇನ್ನೂ ಜಾಸ್ತಿ ಇರಲಿ. ಪಾಲಿಶಿನ ಅಡಿ ತುಕ್ಕಿನ ಗುಳಿಯೂ ಅಡಗುತ್ತದೆ, ತೀಡಿ ಹೋದ ನಂಬರೂ ಅಡಗುತ್ತದೆ. ಪಿಸ್ತೂಲಿನ ಮೇಲಿನ ನಂಬರು ಮಾರುವವರ ಲೈಸೆನ್ಸಿನ ನಂಬರಿಗೆ ಅಕ್ಷರ ಅಕ್ಷರ ಹೊಂದಬೇಕು.

ಪರವಾನಗಿದಾರರಿಂದ ನೇರವಾಗಿ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತ ನೋಟಿಸ್ ಕೊಟ್ಟು 45 ದಿನ ಕಾಯಬೇಕು. ಅಡ್ವಾನ್ಸ್ ಕೊಡುವ ಮೊದಲೇ ಆ ನೋಟಿಸಿನ ಸ್ವೀಕೃತಿ ನೋಡಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ಹೊಲ ಕಾಯಲು ಅಪ್ಪನ ಬಂದೂಕು ನಿಮ್ಮ ಹೆಸರಿಗೆ ಈಗಾಗಲೇ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಲೈಸೆನ್ಸ್ ಐದು ವರ್ಷದ್ದು. ಅದರಲ್ಲಿ ಬರೆದ ವ್ಯಾಪ್ತಿಯನ್ನು ಓದಿ: ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ಗುಂಟೂರಿನ ಮೆಣಸಿನಕಾಯಿ ಮಾರ್ಕೆಟ್ಟಿಗೋ ಗೋವಾಕ್ಕೋ ಹೊರಟಾಗ ಪಿಸ್ತೂಲು ಮನೆಯ ತಿಜೋರಿಯಲ್ಲೇ ಇರಬೇಕು. ಅಭ್ಯಾಸಕ್ಕೆ ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಅರ್ಜಿ ಹಾಕಿ, ಅಲ್ಲಿ ಕಲಿಯುವ ಶಿಸ್ತು ಯಾವ ಪಿಸ್ತೂಲಿಗೂ ನಡೆಯುತ್ತದೆ.

ಕೊನೆಯದಾಗಿ ಚುನಾವಣೆ. ವಿಧಾನಸಭೆ, ಲೋಕಸಭೆ ಚುನಾವಣೆ ಘೋಷಣೆಯಾದರೆ ಆಯುಧ ಠೇವಣಿ ಇಡಲು ಆದೇಶ ಬರುತ್ತದೆ, ಪಿಸ್ತೂಲು ವಾರಗಟ್ಟಲೆ ಠಾಣೆಯಲ್ಲೋ ಗನ್ ಹೌಸಿನಲ್ಲೋ ಕೂರುತ್ತದೆ. 2024ರಲ್ಲಿ ನಮ್ಮ ಕಡೆ ಮತದಾನ ಮೇ 7ಕ್ಕಿತ್ತು, ಅಂದರೆ ಸುಡುಬೇಸಿಗೆಯಲ್ಲಿ ಠೇವಣಿ, ಮುಂಗಾರು ಹತ್ತಿರ ಬರುವಾಗ ವಾಪಸು. ಕೊಡುವ ಮುನ್ನ ಮ್ಯಾಗಜಿನ್ ಖಾಲಿ ಮಾಡಿ, ನಳಿಕೆಯೊಳಗೆ ಎಣ್ಣೆ ಹಚ್ಚಿದ ಬಟ್ಟೆ ಒಮ್ಮೆ ಓಡಿಸಿ, ಹೋಲ್ಸ್ಟರ್ ಬಿಟ್ಟು ಒಣ ಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ಪಿಸ್ತೂಲಿನ ನಂಬರಿನ ಜೊತೆ ಎಷ್ಟು ಮ್ಯಾಗಜಿನ್ ಕೊಟ್ಟಿರಿ ಎನ್ನುವುದನ್ನೂ ಬರೆಸಿಕೊಳ್ಳಿ.